ಇಸೋಲ್ಡಳ ದುರಂತಕ್ಕೆ ಕಾರಣ ಮದ್ದಾ, ಮದುವೆಯಾ?

ಕಡಲೂರಿನವಳು
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆಯಲ್ಲಿ ಇದೇ ಓಡುತ್ತಿದೆ. ಇಲ್ಲಿ ಕೇಳಿಬಿಡೋಣ ಅನ್ನಿಸಿತು.

ಟ್ರಿಸ್ಟನ್ ಮತ್ತು ಇಸೋಲ್ಡ್ ಕಥೆ ಹಲವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಇಸೋಲ್ಡ್ ಐರ್ಲೆಂಡಿನ ರಾಜನ ಮಗಳು. ಕಾರ್ನ್‌ವಾಲಿನ ರಾಜ ಮಾರ್ಕ್‌ಗೆ ಅವಳನ್ನು ಕೊಡುವುದೆಂದು ಮಾತಾಗುತ್ತದೆ. ಹಡಗಿನಲ್ಲಿ ಅವಳನ್ನು ಕರೆದೊಯ್ಯಲು ಬಂದವನು ಮಾರ್ಕ್‌ನ ಸೋದರಳಿಯ ಟ್ರಿಸ್ಟನ್. ಇಸೋಲ್ಡಳ ತಾಯಿ ಒಂದು ಮದ್ದು ಮಾಡಿ, ಮೊದಲ ರಾತ್ರಿ ಗಂಡಹೆಂಡಿರಿಗೆ ಕೊಡು ಎಂದು ಸಖಿ ಬ್ರಾಂಗೇನ್ ಕೈಗೆ ಕೊಟ್ಟಿರುತ್ತಾಳೆ. ನಡುಗಡಲಲ್ಲಿ ಬಾಯಾರಿಕೆಯಾಗಿ, ವೈನ್ ಅಂದುಕೊಂಡು ಇವರಿಬ್ಬರೂ ಅದನ್ನು ಕುಡಿದುಬಿಡುತ್ತಾರೆ. ಆಮೇಲೆ ಸಾಯುವವರೆಗೂ ಒಬ್ಬರನ್ನೊಬ್ಬರು ಬಿಟ್ಟಿರಲಾರರು.

ಎಲ್ಲರೂ ಆ ಬಟ್ಟಲಿನಿಂದಲೇ ಕಥೆ ಶುರು ಮಾಡುತ್ತಾರೆ. ಅದಕ್ಕೂ ಮೊದಲು ಅವಳಿಗೆ ಏನೇನಾಗಿತ್ತು ನೋಡಿ. ಅವಳ ಸೋದರಮಾವ ಮೊರ್ಹೋಲ್ಟ್‌ನನ್ನು ಕೊಂದವನೇ ಟ್ರಿಸ್ಟನ್. ಆ ಕಾಳಗದಲ್ಲಿ ತಗುಲಿದ ವಿಷದ ಗಾಯಕ್ಕೆ ಮದ್ದು ಹುಡುಕಿಕೊಂಡು ಅವನು ಐರ್ಲೆಂಡಿಗೇ ಬರುತ್ತಾನೆ, ಹೆಸರು ತಿರುಗಿಸಿ ತಾಂತ್ರಿಸ್ ಎಂದು ಹೇಳಿಕೊಂಡು. ವಾಸಿ ಮಾಡಿದ್ದು ಇವರ ಮನೆಯವರೇ. ಎರಡನೇ ಸಲ ಬಂದಾಗ ಅವನ ಕತ್ತಿಯ ಅಲಗಿನಲ್ಲಿ ಒಂದು ಚೂರು ಮುರಿದಿರುವುದು ಇಸೋಲ್ಡ್ ಕಣ್ಣಿಗೆ ಬೀಳುತ್ತದೆ. ಮಾವನ ತಲೆಬುರುಡೆಯಿಂದ ತೆಗೆದಿಟ್ಟಿದ್ದ ಚೂರು ತಂದು ಇಟ್ಟು ನೋಡಿದರೆ ಸರಿಯಾಗಿ ಕೂರುತ್ತದೆ. ಅವನು ಸ್ನಾನದ ತೊಟ್ಟಿಯಲ್ಲಿದ್ದಾನೆ, ಇವಳ ಕೈಯಲ್ಲಿ ಅವನದೇ ಕತ್ತಿ. ಆದರೂ ಕೊಲ್ಲುವುದಿಲ್ಲ. ಅಂಥವನು ಕೊನೆಗೆ ಅವಳನ್ನು ಗೆದ್ದು, 'ನನಗಲ್ಲ, ನಮ್ಮ ಮಾವನಿಗೆ' ಅನ್ನುತ್ತಾನೆ. ಅವಳಿಗೆ ಹೇಗಾಗಿರಬೇಡ?

ನನ್ನ ಪ್ರಕಾರ ದುರಂತ ಶುರುವಾಗಿದ್ದು ಆ ಮದುವೆ ಮಾತಿನಲ್ಲಿ. ಮದ್ದು ಬಂದಿದ್ದು ಆಮೇಲೆ. ನೀವು ಏನನ್ನುತ್ತೀರಿ?

ಬಯಲುಸೀಮೆ
ಮದ್ದಿಲ್ಲದಿದ್ದರೆ ಕಥೆಯೇ ಇಲ್ಲ ಅಲ್ವಾ?

ಸಂಜೆಮಲ್ಲಿಗೆ
ಕತ್ತಿ ಚೂರು ಇಟ್ಟು ನೋಡುವ ಭಾಗ ನನಗೆ ಗೊತ್ತೇ ಇರಲಿಲ್ಲ. ನಾನು ಓದಿದ ಮಕ್ಕಳ ಪುಸ್ತಕದಲ್ಲಿ ಅವಳು ಹಡಗಿನಲ್ಲಿ ಕೂತು ಅಳುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಅಕ್ಕಾ, ಇನ್ನೂ ಬರೆಯಿರಿ.

ಹಳೇಪುಸ್ತಕ
ಕಡಲೂರಿನವರೇ, ಒಳ್ಳೆ ಪ್ರಶ್ನೆ. ಆದರೆ ಯಾವ ಕವಿಯ ಇಸೋಲ್ಡ್ ಅಂತ ಮೊದಲು ಹೇಳಬೇಕಾಗುತ್ತದೆ. ಇದು ಒಬ್ಬರು ಬರೆದ ಕಥೆಯಲ್ಲ. ನಾರ್ಮನ್ ಫ್ರೆಂಚ್‌ನಲ್ಲಿ ಬೆರೂಲ್ ಮತ್ತು ಥಾಮಸ್, ಜರ್ಮನ್‌ನಲ್ಲಿ ಐಲ್‌ಹಾರ್ಟ್, ಈ ಮೂವರೂ 12ನೇ ಶತಮಾನದವರು. 1210ರ ಆಸುಪಾಸಿನಲ್ಲಿ ಸ್ಟ್ರಾಸ್‌ಬುರ್ಗ್‌ನ ಗಾಟ್‌ಫ್ರೀಡ್. 1226ರಲ್ಲಿ ನಾರ್ವೆಯ ರಾಜ ಹಾಕೋನ್‌ಗೋಸ್ಕರ ರಾಬರ್ಟ್ ಎಂಬ ಸನ್ಯಾಸಿ ನಾರ್ಸ್ ಭಾಷೆಗೆ ತಂದಿದ್ದು. ಬೆರೂಲ್‌ನ ಕಾವ್ಯ ಉಳಿದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ, ಅದಕ್ಕೂ ಮೊದಲೂ ಇಲ್ಲ, ಕೊನೆಯೂ ಇಲ್ಲ. ಥಾಮಸ್‌ನದು ಬಿಡಿ ತುಣುಕುಗಳು. ಗಾಟ್‌ಫ್ರೀಡ್‌ನ ಕಾವ್ಯ ಅರ್ಧಕ್ಕೇ ನಿಂತಿದೆ.

ಈಗ ಮದ್ದಿನ ವಿಷಯ. ಬೆರೂಲ್‌ನಲ್ಲಿ ಆ ಮದ್ದಿಗೆ ಮೂರೇ ವರ್ಷ ಆಯಸ್ಸು! ಐಲ್‌ಹಾರ್ಟ್‌ನಲ್ಲಿ ನಾಲ್ಕು ವರ್ಷಕ್ಕೆ ಅದರ ಜೋರು ಇಳಿಯುತ್ತದೆ. ಥಾಮಸ್ ಮತ್ತು ಗಾಟ್‌ಫ್ರೀಡ್ ಇಬ್ಬರಲ್ಲಿ ಮಾತ್ರ ಅದು ಸಾವಿನವರೆಗೆ. ಅಂದರೆ 'ಎಲ್ಲಾ ಮದ್ದಿನ ಕೈವಾಡ' ಅನ್ನುವ ಮಾತು ಹಳೆಯ ಕವಿಗಳಿಗೇ ಒಪ್ಪಿಗೆ ಇರಲಿಲ್ಲ.

ನೇರನುಡಿ
ಮೂರು ವರ್ಷ ಆದ ಮೇಲೆ ಏನಾಗುತ್ತದೆ? ಗಂಡನ ಹತ್ತಿರ ವಾಪಸ್ ಹೋಗುತ್ತಾಳಾ?

ಹಳೇಪುಸ್ತಕ
ಹೋಗುತ್ತಾಳೆ. ಅದೇ ಈ ಕಥೆಯ ಅತ್ಯಂತ ಒಳ್ಳೆಯ ಭಾಗ, ಸ್ವಲ್ಪ ಉದ್ದ ಬರೆಯುತ್ತೇನೆ.

ಗುಟ್ಟು ರಟ್ಟಾದ ಮೇಲೆ ಮಾರ್ಕ್ ಅವಳನ್ನು ಸುಡಲು ಹೊರಡುತ್ತಾನೆ. ಆಗ ಕುಷ್ಠರೋಗಿಗಳ ಗುಂಪೊಂದು ಬಂದು, ಸುಡುವುದಕ್ಕಿಂತ ದೊಡ್ಡ ಶಿಕ್ಷೆ ಇದೆ, ಅವಳನ್ನು ನಮಗೆ ಕೊಡಿ ಅನ್ನುತ್ತದೆ. ಮಾರ್ಕ್ ಕೊಟ್ಟುಬಿಡುತ್ತಾನೆ! ದಾರಿಯಲ್ಲಿ ಟ್ರಿಸ್ಟನ್ ಬಿಡಿಸಿಕೊಂಡು, ಇಬ್ಬರೂ ಮೊರ್ವಾ ಕಾಡು ಸೇರುತ್ತಾರೆ. ಗುಡಿಸಲಲ್ಲಿ ವಾಸ, ಬೇಟೆಯ ಮಾಂಸವೇ ಊಟ, ರೊಟ್ಟಿ ಕೂಡ ಇಲ್ಲ. ಒಂದು ದಿನ ಮಾರ್ಕ್ ಅಲ್ಲಿಗೇ ಬರುತ್ತಾನೆ. ಇಬ್ಬರೂ ಬಟ್ಟೆ ತೊಟ್ಟೇ ಮಲಗಿದ್ದಾರೆ, ನಡುವೆ ಕತ್ತಿ ಇದೆ. ಅವನ ಮನಸ್ಸು ಕರಗುತ್ತದೆ. ಅವಳ ಮುಖಕ್ಕೆ ಬಿಸಿಲು ಬೀಳುತ್ತಿದೆ ಎಂದು ತನ್ನ ಕೈಗವಸನ್ನು ಕಿಂಡಿಗೆ ಅಡ್ಡ ಇಡುತ್ತಾನೆ. ಬೆರಳಿನ ಉಂಗುರ ಬದಲಿಸುತ್ತಾನೆ. ಮದುವೆ ಹೊಸದರಲ್ಲಿ ಬಿಗಿಯಾಗಿದ್ದ ಉಂಗುರ ಈಗ ಸುಮ್ಮನೆ ಜಾರಿ ಬರುತ್ತದೆ, ಅಷ್ಟು ಬಡವಾಗಿದ್ದಾಳೆ.

ಆಮೇಲೆ ಮದ್ದಿನ ಗಡುವು ಮುಗಿಯುತ್ತದೆ. ಟ್ರಿಸ್ಟನ್‌ಗೆ ತನ್ನ ಕಳೆದುಹೋದ ವೀರ ಬದುಕು ನೆನಪಾಗುತ್ತದೆ. ಇಸೋಲ್ಡ್‌ಗೆ ನೆನಪಾಗುವುದು ಬೇರೆ. ರಾಣಿಯಾಗಿ ತಾನು ಎಷ್ಟೊಂದು ಹೆಣ್ಣುಮಕ್ಕಳನ್ನು ಸಾಕಿ, ಒಳ್ಳೆ ಮನೆ ನೋಡಿ ಮದುವೆ ಮಾಡಿಕೊಡಬೇಕಿತ್ತು, ಅದೆಲ್ಲ ಹೋಯಿತಲ್ಲ ಎಂದು. ಓಗ್ರಿನ್ ಎಂಬ ಮುದಿ ಸನ್ಯಾಸಿಯ ಹತ್ತಿರ ಹೋಗುತ್ತಾರೆ. ಅವನು ಮಾರ್ಕ್‌ಗೆ ಕಾಗದ ಬರೆಯುತ್ತಾನೆ. ಅಷ್ಟೇ ಅಲ್ಲ, ಚಿಂದಿ ಬಟ್ಟೆಯಲ್ಲಿ ಅವಳು ಅರಮನೆಗೆ ಹೋಗಬಾರದು ಅಂತ ಸಂತೆಗೆ ಹೋಗಿ, ಚೌಕಾಸಿ ಮಾಡಿ, ಸಾಲ ಹೇಳಿ ರೇಷ್ಮೆ ಬಟ್ಟೆ ತರುತ್ತಾನೆ. ಆ ಮುದುಕನ ಮೇಲೆ ನನಗೆ ಬಹಳ ಪ್ರೀತಿ.

ವಾಪಸ್ ಹೋದ ಮೇಲೆ ಮದ್ದಿಲ್ಲ, ಏನಿಲ್ಲ. ಆದರೂ ಅವಳು ಟ್ರಿಸ್ಟನ್‌ನನ್ನು ಬಿಡುವುದಿಲ್ಲ. ಅಲ್ಲಿಂದ ಮುಂದಿನದು ಪೂರ್ತಿ ಅವಳ ಮನಸ್ಸು.

ಕಡಲೂರಿನವಳು
ಉಂಗುರ ಜಾರುವುದು ಓದಿ ಕಣ್ಣು ತುಂಬಿತು ಸರ್. ಧನ್ಯವಾದ.

ಮಲೆನಾಡ ಮಳೆ
ಎಲ್ಲರೂ ಅವಳನ್ನು ಪಾಪದವಳು ಮಾಡುತ್ತಿದ್ದೀರಿ. ಬ್ರಾಂಗೇನ್ ವಿಷಯ ಯಾಕೆ ಯಾರೂ ಎತ್ತುತ್ತಿಲ್ಲ?

ಮೊದಲ ರಾತ್ರಿ ತಾನು ಕನ್ಯೆಯಲ್ಲ ಎಂದು ಗೊತ್ತಾಗಬಾರದು ಅಂತ ಇಸೋಲ್ಡ್ ತನ್ನ ಜಾಗದಲ್ಲಿ ಬ್ರಾಂಗೇನ್‌ಳನ್ನು ರಾಜನ ಮಂಚಕ್ಕೆ ಕಳಿಸುತ್ತಾಳೆ. ಅಷ್ಟು ದೊಡ್ಡ ಉಪಕಾರ ಮಾಡಿದವಳು ಮುಂದೆ ಬಾಯಿ ಬಿಟ್ಟರೆ ಎಂಬ ಹೆದರಿಕೆಗೆ ಅವಳನ್ನೇ ಕೊಲ್ಲಿಸಲು ಇಬ್ಬರನ್ನು ಕಾಡಿಗೆ ಅಟ್ಟುತ್ತಾಳೆ. ಕಾಡಿನಲ್ಲಿ ಆ ಆಳುಗಳು, ನೀನು ಏನು ತಪ್ಪು ಮಾಡಿದೆ ಎಂದು ಕೇಳುತ್ತಾರೆ. ಬ್ರಾಂಗೇನ್ ಗುಟ್ಟು ಬಿಡುವುದಿಲ್ಲ. 'ನಾವಿಬ್ಬರೂ ಊರಿಂದ ಹೊರಟಾಗ ಇಬ್ಬರಿಗೂ ಒಂದೊಂದು ಬಿಳಿ ಅಂಗಿ ಇತ್ತು. ದಾರಿಯಲ್ಲಿ ಒಡತಿಯದು ಕೊಳೆಯಾಯಿತು. ಮದುವೆ ರಾತ್ರಿ ನನ್ನದನ್ನು ಕೊಟ್ಟೆ. ಕೊಡಲು ಮೊದಲು ಸ್ವಲ್ಪ ಹಿಂದೆಮುಂದೆ ನೋಡಿದೆ, ಅದೇ ನನ್ನ ತಪ್ಪಿರಬೇಕು' ಅನ್ನುತ್ತಾಳೆ. ಸಾಯುವ ಹೊತ್ತಿನಲ್ಲೂ ಒಡತಿಯ ಮಾನ ಕಾದವಳು ಅವಳು. ಆಳುಗಳು ಅವಳನ್ನು ಮರಕ್ಕೆ ಕಟ್ಟಿ, ನಾಯಿಯ ನಾಲಿಗೆ ಕತ್ತರಿಸಿ ಇಸೋಲ್ಡ್‌ಗೆ ತೋರಿಸುತ್ತಾರೆ.

ನನಗೆ ದುರಂತ ನಾಯಕಿ ಅಂದರೆ ಬ್ರಾಂಗೇನ್.

ಕಡಲೂರಿನವಳು
ಆ ಭಾಗ ನನಗೂ ಸಂಕಟವಾಗುತ್ತದೆ, ಸಮರ್ಥಿಸುವುದಿಲ್ಲ. ಆದರೆ ಪೂರ್ತಿ ಹೇಳಿ. ಅಂಗಿಯ ಮಾತು ಕೇಳಿದ ಕೂಡಲೇ ಇಸೋಲ್ಡ್ ಆ ಆಳುಗಳನ್ನೇ ಕೊಲೆಗಾರರೇ ಎಂದು ಬೈದು, ನನ್ನ ಬ್ರಾಂಗೇನ್‌ಳನ್ನು ಕೊಡಿ ಎಂದು ಗೋಳಾಡುತ್ತಾಳೆ. ಅವಳು ಬದುಕಿದ್ದಾಳೆ ಎಂದಾಗ ಅಪ್ಪಿಕೊಳ್ಳುತ್ತಾಳೆ. ಪರದೇಶದಲ್ಲಿ ಒಬ್ಬಂಟಿ, ಗುಟ್ಟು ಹೊರಬಿದ್ದರೆ ಬೆಂಕಿಗೆ. ಆ ಹೆದರಿಕೆ ಮನುಷ್ಯರ ಕೈಯಲ್ಲಿ ಏನು ಬೇಕಾದರೂ ಮಾಡಿಸುತ್ತದೆ.

ಮಲೆನಾಡ ಮಳೆ
ಹೆದರಿಕೆ ಬ್ರಾಂಗೇನ್‌ಗೂ ಇತ್ತು. ಅವಳು ಯಾರನ್ನೂ ಕೊಲ್ಲಿಸಲಿಲ್ಲ. ಇಷ್ಟೇ ನನ್ನ ಮಾತು.

ಲಿಫೀ ದಡದಿಂದ
ನಾನು ಡಬ್ಲಿನ್‌ನಲ್ಲಿ ಇದ್ದೇನೆ. ಫೀನಿಕ್ಸ್ ಪಾರ್ಕ್ ಪಕ್ಕ ಲಿಫೀ ನದಿ ದಂಡೆಯಲ್ಲಿ ಚಾಪೆಲಿಜಾಡ್ ಎಂಬ ಊರಿದೆ. ಮೊದಲು ಬೇರೆ ಹಳ್ಳಿ, ಈಗ ನಗರದೊಳಗೇ ಸೇರಿಹೋಗಿದೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಅದನ್ನು ದಾಟುತ್ತೇನೆ. ಐರಿಷ್ ಭಾಷೆಯಲ್ಲಿ ಆ ಹೆಸರಿಗೆ 'ಇಸೋಲ್ಡಳ ಪ್ರಾರ್ಥನಾ ಮಂದಿರ' ಎಂದೇ ಅರ್ಥ. ನಾಲ್ಕು ವರ್ಷ ಗೊತ್ತಿಲ್ಲದೆ ಓಡಾಡಿದ್ದೆ! ಗೊತ್ತಾದ ದಿನ ಇಳಿದು ಒಂದು ಗಂಟೆ ಸುತ್ತಾಡಿದೆ. ಕಲ್ಲಿನ ಹಳೆಯ ಇಗರ್ಜಿ, ಸೇತುವೆ, ತಣ್ಣಗೆ ಹರಿಯುವ ನದಿ. ಅವಳ ನೆನಪಿಗೆ ಅಂತ ವಿಶೇಷವಾಗಿ ನನಗೇನೂ ಕಾಣಲಿಲ್ಲ, ಹೆಸರು ಮಾತ್ರ ಇದೆ. ಆದರೂ ಮೈ ಜುಮ್ ಅಂದಿತು.

ಗಣಿತ ಮೇಷ್ಟ್ರು
ಸಂಬಂಧಗಳ ಲೆಕ್ಕ ಯಾರಾದರೂ ಗಮನಿಸಿದ್ದೀರಾ? ಮೊರ್ಹೋಲ್ಟ್ ಇಸೋಲ್ಡಳ ಸೋದರಮಾವ. ಮಾರ್ಕ್ ಟ್ರಿಸ್ಟನ್‌ನ ಸೋದರಮಾವ. ಒಬ್ಬ ಮಾವನನ್ನು ಕೊಂದಾಯಿತು, ಇನ್ನೊಬ್ಬ ಮಾವನಿಗೆ ದ್ರೋಹವಾಯಿತು. ಟ್ರಿಸ್ಟನ್ ಹುಟ್ಟುವಾಗಲೇ ತಾಯಿ ತೀರಿಕೊಂಡಳು, ಮಾರ್ಕ್ ತನ್ನ ತಂಗಿಯ ಮಗ ಎಂದು ಎದೆಗೆ ಹಚ್ಚಿಕೊಂಡ. ನಮ್ಮ ಕಡೆ ಸೋದರಮಾವ ಅಂದರೆ ಏನು ಅಂತ ನಿಮಗೆಲ್ಲ ಗೊತ್ತು. ಇಂಗ್ಲಿಷಿನಲ್ಲಿ ಓದಿದರೆ ಬರೀ 'ಅಂಕಲ್' ಅಂತ ಬರುತ್ತದೆ, ಆ ನೋವು ಅರ್ಧಕ್ಕರ್ಧ ಮಾಯ. ನಮ್ಮ ಲೆಕ್ಕದಲ್ಲಿ ಇಸೋಲ್ಡ್ ಅವನಿಗೆ ಅತ್ತೆ ಆಗಬೇಕು.

ಹಳೇಪುಸ್ತಕ
ಮೇಷ್ಟ್ರೇ, ಲೆಕ್ಕ ಇನ್ನೂ ಗೋಜಲು ಮಾಡುತ್ತೇನೆ. ಕಾರ್ನ್‌ವಾಲಿನ ಫೋಯ್ ಊರಿನ ಹತ್ತಿರ ರಸ್ತೆ ಬದಿಯಲ್ಲಿ 6ನೇ ಶತಮಾನದ ಒಂದು ನಿಂತ ಕಲ್ಲಿದೆ. 'ಕುನೊಮೊರುಸ್‌ನ ಮಗ ದ್ರುಸ್ತಾನುಸ್ ಇಲ್ಲಿ ಮಲಗಿದ್ದಾನೆ' ಎಂದು ಲ್ಯಾಟಿನ್ ಬರಹ ಅಂತ ಓದುತ್ತಾರೆ. ಅಕ್ಷರ ಬಹಳ ಸವೆದಿವೆ. ಇನ್ನೊಂದು ಕಡೆ, 884ರಲ್ಲಿ ಬ್ರಿಟನಿಯ (ಈಗಿನ ಫ್ರಾನ್ಸಿನ ಒಂದು ಪ್ರಾಂತ್ಯ) ಸನ್ಯಾಸಿ ವ್ರ್ಮೊನೊಕ್ ಒಬ್ಬ ಸಂತನ ಚರಿತ್ರೆ ಬರೆಯುತ್ತಾ, ಮಾರ್ಕ್ ಎಂಬ ರಾಜನಿಗೆ ಕುನೊಮೊರುಸ್ ಎಂಬ ಇನ್ನೊಂದು ಹೆಸರೂ ಇತ್ತು ಅನ್ನುತ್ತಾನೆ. ಎರಡನ್ನೂ ಸೇರಿಸಿ, ಮೂಲದಲ್ಲಿ ಟ್ರಿಸ್ಟನ್ ಮಾರ್ಕ್‌ನ ಮಗನೇ ಇದ್ದನಾ ಎಂದು ಕೆಲವರು ಕೇಳುತ್ತಾರೆ. ಹಾಗಾದರೆ ಇಸೋಲ್ಡ್ ಮಲತಾಯಿ ಆಗುತ್ತಾಳೆ. ಒಂದು ಕಲ್ಲಿನ ಮೇಲೆ ಅಷ್ಟು ಭಾರ ಹೊರಿಸುವುದು ನನಗೆ ಒಪ್ಪಿಗೆ ಇಲ್ಲ, ಆದರೆ ಚರ್ಚೆ ಇದೆ.

ನೇರನುಡಿ
ನನಗೆ ಅವಳ ಆಣೆ ಪ್ರಮಾಣದ ಕಥೆ ಮಾತ್ರ ಒಪ್ಪಿಗೆಯಾಗುವುದಿಲ್ಲ. ದೇವರ ಮುಂದೆ ಮಾತಿನಲ್ಲಿ ಮೋಸ ಮಾಡಿದವಳು ನಾಯಕಿ ಹೇಗಾಗುತ್ತಾಳೆ?

ಸಂಜೆಮಲ್ಲಿಗೆ
ಯಾವ ಆಣೆ? ದಯವಿಟ್ಟು ಯಾರಾದರೂ ಹೇಳಿ.

ತಂಬೂರಿ
ನಾನು ಹೇಳುತ್ತೇನೆ. ಗಂಡನ ಆಸ್ಥಾನದಲ್ಲಿ ಮೂವರು ಸಾಮಂತರು ಬಿಡದೆ ಕಾಡುತ್ತಾರೆ, ರಾಣಿ ಪ್ರಮಾಣ ಮಾಡಲಿ ಎಂದು. ಸರಿ, ಆರ್ಥರ್ ರಾಜನೇ ಬಂದು ಸಾಕ್ಷಿ ಕೂರಲಿ ಅನ್ನುತ್ತಾಳೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಕೆಸರು ಹೊಳೆ. ಟ್ರಿಸ್ಟನ್‌ಗೆ ಮೊದಲೇ ಹೇಳಿ ಕಳಿಸಿರುತ್ತಾಳೆ, ಅವನು ಕುಷ್ಠರೋಗಿಯ ವೇಷದಲ್ಲಿ ಅಲ್ಲಿ ಕೂತಿರುತ್ತಾನೆ. ಎಲ್ಲರೂ ನೋಡುತ್ತಿರುವಾಗಲೇ ಅವನ ಬೆನ್ನೇರಿ, ಆ ಕಡೆ ಈ ಕಡೆ ಕಾಲು ಹಾಕಿ ಕೂತು ದಾಟುತ್ತಾಳೆ. ಮಾರನೇ ದಿನ ಪವಿತ್ರ ವಸ್ತುಗಳ ಮೇಲೆ ಆಣೆ ಇಡುತ್ತಾಳೆ: ನನ್ನ ಗಂಡ ರಾಜನನ್ನೂ ನಿನ್ನೆ ನನ್ನನ್ನು ಹೊತ್ತ ಆ ರೋಗಿಯನ್ನೂ ಬಿಟ್ಟು ಬೇರೆ ಯಾವ ಗಂಡಸೂ ನನ್ನ ತೊಡೆಗಳ ನಡುವೆ ಬಂದಿಲ್ಲ. ಒಂದಕ್ಷರ ಸುಳ್ಳಿಲ್ಲ!

ನೇರನುಡಿಯವರೇ, ಅವಳನ್ನು ಕುಷ್ಠರೋಗಿಗಳ ಕೈಗೆ ಒಪ್ಪಿಸಿದ್ದ ಗಂಡನ ಮುಂದೆಯೇ ಕುಷ್ಠರೋಗಿಯ ಬೆನ್ನೇರಿ ಗೆದ್ದಳಲ್ಲ. ಮೋಸ ಅಂತ ಬೇಕಾದರೆ ಕರೆಯಿರಿ, ನನಗೆ ಅದು ಜೀವ ಉಳಿಸಿಕೊಳ್ಳುವ ಜಾಣ್ಮೆ.

ನೇರನುಡಿ
ಕುಷ್ಠರೋಗಿಗಳ ಆ ಹೋಲಿಕೆ ನನಗೆ ಹೊಳೆದಿರಲಿಲ್ಲ. ಸರಿಯಾಗಿದೆ. ಆದರೂ ದೇವರು ಅದಕ್ಕೆ ಒಪ್ಪಿದ ಅಂತ ಬರೆಯುವುದು ಹೇಗೆ?

ಹಳೇಪುಸ್ತಕ
ನಿಮ್ಮ ಹಾಗೆಯೇ ಗಾಟ್‌ಫ್ರೀಡ್‌ಗೂ ಅನ್ನಿಸಿತ್ತು. ಅವನ ಕಾವ್ಯದಲ್ಲಿ ಆಣೆ ನಿಜ ಎಂದು ತೋರಿಸಲು ಇಸೋಲ್ಡ್ ಕಾದ ಕಬ್ಬಿಣ ಹಿಡಿಯಬೇಕು. ಕೈ ಸುಡುವುದಿಲ್ಲ. ಆಗ ಕವಿ ಹೇಳುತ್ತಾನೆ, ಕ್ರಿಸ್ತ ಗಾಳಿಗೆ ವಾಲುವ ಅಂಗಿಯ ತೋಳಿನ ಹಾಗೆ ಎಂದು. 800 ವರ್ಷದ ಹಿಂದೆ ಆ ಮಾತು ಬರೆಯಲು ಎಂಥ ಧೈರ್ಯ ಬೇಕು! ಅವನು ದೇವರನ್ನು ಹಂಗಿಸಿದನಾ, ಅಂಥ ಪರೀಕ್ಷೆಗಳನ್ನು ಹಂಗಿಸಿದನಾ ಎಂದು ಇವತ್ತಿಗೂ ಜಗಳ.

ಬಯಲುಸೀಮೆ
ಗಾಟ್‌ಫ್ರೀಡ್ ಸುಮಾರು 1210 ಅಂದಿರಿ. ನಮ್ಮ ಜನ್ನ 'ಯಶೋಧರ ಚರಿತೆ' ಬರೆದಿದ್ದು 1209. ಅಲ್ಲಿ ಅಮೃತಮತಿ ರಾಣಿ, ಮಾವುತನ ಹಾಡು ಕೇಳಿ ಮನಸ್ಸು ಕೊಟ್ಟವಳು. ಒಂದೇ ಕಾಲ!

ಗಣಿತ ಮೇಷ್ಟ್ರು
ಕಾಲ ಒಂದೇ, ದಾರಿ ಬೇರೆ. ಅಮೃತಮತಿ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಇಸೋಲ್ಡ್ ಮಾರ್ಕ್‌ಗೆ ಕೇಡು ಬಯಸಿದವಳಲ್ಲ. ಈ ಹೋಲಿಕೆ ಜಾಸ್ತಿ ದೂರ ಹೋಗುವುದಿಲ್ಲ.

ಬಯಲುಸೀಮೆ
ಒಪ್ಪಿದೆ ಮೇಷ್ಟ್ರೇ. ವರ್ಷ ನೋಡಿ ಖುಷಿಯಾಯಿತು, ಅದಕ್ಕೆ ಬರೆದೆ.

ಲಿಫೀ ದಡದಿಂದ
ಐರ್ಲೆಂಡಿನವರನ್ನು ಕೇಳಿದರೆ ದುರಂತ ನಾಯಕಿ ಅಂದರೆ ಡೀರ್ಡ್ರಾ ಅನ್ನುತ್ತಾರೆ, ಇಸೋಲ್ಡ್ ಅಲ್ಲ. ಹುಟ್ಟುವ ಮೊದಲೇ ಕಥ್ಬಾದ್ ಎಂಬ ಜೋಯಿಸ ಇವಳಿಂದ ರಕ್ತ ಹರಿಯುತ್ತದೆ ಎಂದಿದ್ದ. ಕೊಂಕೊಬಾರ್ ರಾಜ ಅವಳನ್ನು ಬಚ್ಚಿಟ್ಟು ಬೆಳೆಸಿದ, ದೊಡ್ಡವಳಾದ ಮೇಲೆ ತಾನೇ ಮದುವೆಯಾಗಲು. ಹಿಮದ ಮೇಲೆ ಚೆಲ್ಲಿದ ಕರುವಿನ ರಕ್ತ ಕುಡಿಯುವ ಕಾಗೆಯನ್ನು ನೋಡಿ, ಈ ಮೂರು ಬಣ್ಣದ ಗಂಡಸು ಬೇಕು ಅನ್ನುತ್ತಾಳೆ. ಕಾಗೆಯಂಥ ಕೂದಲು, ರಕ್ತದಂಥ ಕೆನ್ನೆ, ಹಿಮದಂಥ ಮೈ. ನೀಶಾ ಸಿಗುತ್ತಾನೆ, ಇವಳೇ ಅವನ ಎರಡೂ ಕಿವಿ ಹಿಡಿದು ನನ್ನನ್ನು ಕರೆದುಕೊಂಡು ಹೋಗು ಅನ್ನುತ್ತಾಳೆ. ಸ್ಕಾಟ್ಲೆಂಡಿಗೆ ಓಡುತ್ತಾರೆ. ರಾಜ ಮಾತು ಕೊಟ್ಟು ಕರೆಸಿ ನೀಶಾನನ್ನು ಕೊಲ್ಲಿಸುತ್ತಾನೆ. ಒಂದು ವರ್ಷ ಅವಳು ನಗಲಿಲ್ಲ. ನಿನಗೆ ಯಾರನ್ನು ಕಂಡರೆ ಆಗುವುದಿಲ್ಲ ಎಂದು ರಾಜ ಕೇಳಿದರೆ, 'ನಿನ್ನನ್ನು, ಮತ್ತೆ ಅವನನ್ನು ಕೊಂದ ಓಗನ್‌ನನ್ನು' ಅನ್ನುತ್ತಾಳೆ. ಹಾಗಾದರೆ ಒಂದು ವರ್ಷ ಓಗನ್ ಜೊತೆ ಇರು ಎಂದು ರಥ ಹತ್ತಿಸುತ್ತಾನೆ. ಅವಳು ರಥದಿಂದ ಬಗ್ಗಿ ಬಂಡೆಗೆ ತಲೆ ಒಡೆದುಕೊಂಡು ಸಾಯುತ್ತಾಳೆ. 12ನೇ ಶತಮಾನದ 'ಲೆನ್‌ಸ್ಟರ್ ಪುಸ್ತಕ'ದಲ್ಲಿ ಈ ಕಥೆ ಇದೆ. ಮದ್ದೂ ಇಲ್ಲ, ಮಾಟವೂ ಇಲ್ಲ.

ಸಂಜೆಮಲ್ಲಿಗೆ
ಅಯ್ಯೋ. ಇದನ್ನು ಓದಿ ಸುಮ್ನೆ ಕೂತುಬಿಟ್ಟೆ.

ಕಡಲೂರಿನವಳು
ನೋಡಿ, ಡೀರ್ಡ್ರಾಳನ್ನು ಯಾರೂ ಮದ್ದು ಕುಡಿದವಳು ಅನ್ನುವುದಿಲ್ಲ. ಅವಳು ಬಯಸಿದಳು, ಓಡಿಹೋದಳು, ಅಷ್ಟೇ. ಇಸೋಲ್ಡ್ ಕಥೆ ಫ್ರೆಂಚ್ ಆಸ್ಥಾನಕ್ಕೆ ಹೋದಾಗ, ರಾಣಿಯೊಬ್ಬಳು ತಾನಾಗಿ ಹೀಗೆ ಮಾಡಿದಳು ಎನ್ನಲು ಕವಿಗಳಿಗೆ ಮುಜುಗರವಾಗಿ ಮದ್ದಿಗೆ ಜಾಸ್ತಿ ಕೆಲಸ ಕೊಟ್ಟರೇನೋ. ಇದು ನನ್ನ ಊಹೆ.

ಹಡಗಿನ ದೃಶ್ಯವನ್ನೇ ನೋಡಿ. ಗಾಟ್‌ಫ್ರೀಡ್‌ನಲ್ಲಿ ಕುಡಿಯುವ ಮೊದಲು ಟ್ರಿಸ್ಟನ್ ಸಮಾಧಾನಕ್ಕೆ ತೋಳು ಹಾಕಿದರೆ, 'ದೂರ ಸರಿ, ನನ್ನ ಮಾವನನ್ನು ಕೊಂದವನು ನೀನು' ಅನ್ನುತ್ತಾಳೆ. ಕುಡಿದ ಮೇಲೆ ಮನಸ್ಸನ್ನು ಮೊದಲು ಮಾತಿಗೆ ತಂದವಳೂ ಅವಳೇ. 'ಲಾಮೇರ್ ನನ್ನನ್ನು ಕಾಡುತ್ತಿದೆ' ಅನ್ನುತ್ತಾಳೆ. ಹಳೆಯ ಫ್ರೆಂಚ್‌ನಲ್ಲಿ ಆ ಒಂದು ಸದ್ದಿಗೆ ಕಡಲು, ಕಹಿ, ಪ್ರೀತಿ, ಮೂರೂ ಅರ್ಥ. ಅವನು ಕಡಲಾ ಅಂತಾನೆ, ಅಲ್ಲ. ಕಹಿಯಾ, ಅಲ್ಲ. ಮೂರನೆಯದನ್ನು ಅವನ ಬಾಯಿಂದಲೇ ಹೊರಡಿಸುತ್ತಾಳೆ. ಇವಳು ಮಂಕು ಕವಿದವಳಾ?

ತಂಬೂರಿ
ಮಾರ್ಕ್ ಅವಳನ್ನು ಆರಿಸಿದ್ದಾದರೂ ಹೇಗೆ? ಐಲ್‌ಹಾರ್ಟ್‌ನಲ್ಲಿ ಗುಬ್ಬಚ್ಚಿಯಂಥ ಎರಡು ಬಾನಾಡಿ ಹಕ್ಕಿಗಳು ಕಚ್ಚಾಡುತ್ತಾ ಒಂದು ಕೂದಲು ಬೀಳಿಸುತ್ತವೆ. ಈ ಕೂದಲಿನ ಹೆಣ್ಣನ್ನೇ ಮದುವೆಯಾಗುತ್ತೇನೆ ಅನ್ನುತ್ತಾನೆ. ಬೇಗ ಮದುವೆಯಾಗು ಎಂದು ಕಾಡುತ್ತಿದ್ದವರ ಬಾಯಿ ಮುಚ್ಚಿಸಲು ಹೇಳಿದ ಮಾತು ಅದು! ಒಂದು ನೆಪಕ್ಕೆ ಅವಳ ಇಡೀ ಬದುಕು ಹೋಯಿತು. ಈ ಹಕ್ಕಿ ಕಥೆಯನ್ನು ಗಾಟ್‌ಫ್ರೀಡ್ ಮಾತ್ರ ಒಪ್ಪದೆ ಹಳಿಯುತ್ತಾನೆ.

ಇದು ಸ್ವಲ್ಪ ಬೇರೆ ವಿಷಯ. ನಾನು ಸಂಗೀತದವಳು. ಇದೇ ಕಥೆಯ ಮೇಲೆ ಜರ್ಮನ್ ಸಂಗೀತಗಾರ ವಾಗ್ನರ್ ಮಾಡಿದ ಆಪೆರಾ (ಹಾಡಿನ ನಾಟಕ) 1865ರ ಜೂನ್ 10ರಂದು ಮ್ಯೂನಿಕ್‌ನಲ್ಲಿ ಮೊದಲ ಸಲ ನಡೆಯಿತು. ಟ್ರಿಸ್ಟನ್ ಮತ್ತು ಇಸೋಲ್ಡ್ ಆಗಿ ಹಾಡಿದವರು ನಿಜ ಬದುಕಿನಲ್ಲೂ ಗಂಡಹೆಂಡತಿ, ಲುಡ್ವಿಗ್ ಮತ್ತು ಮಾಲ್ವಿನಾ ಶ್ನೋರ್. ಆರು ವಾರದೊಳಗೆ ಲುಡ್ವಿಗ್ ತೀರಿಕೊಂಡ, 29 ವರ್ಷಕ್ಕೆ. ವಾಗ್ನರ್ ಮೊರ್ಹೋಲ್ಟ್‌ನನ್ನು ಮಾವನ ಬದಲು ಇಸೋಲ್ಡಳಿಗೆ ಗೊತ್ತಾಗಿದ್ದ ಗಂಡು ಮಾಡಿದ್ದಾನೆ. ಅವಳು ಹಡಗಿನಲ್ಲಿ ಕೇಳುವುದೂ ಸಾವಿನ ಮದ್ದನ್ನು, ಬ್ರಾಂಗೇನ್ ಬದಲಾಯಿಸಿಬಿಡುತ್ತಾಳೆ.

ಮಲೆನಾಡ ಮಳೆ
ಎರಡನೇ ಇಸೋಲ್ಡಳನ್ನು ಎಲ್ಲರೂ ಮರೆತಿರಿ. ಬ್ರಿಟನಿಯ 'ಬಿಳಿಕೈ ಇಸೋಲ್ಡ್'. ಹೆಸರು ಒಂದೇ ಅಂತ ಟ್ರಿಸ್ಟನ್ ಅವಳನ್ನು ಮದುವೆಯಾಗಿ, ಮುಟ್ಟುವುದೇ ಇಲ್ಲ. ಒಂದು ದಿನ ಅಣ್ಣನ ಜೊತೆ ಕುದುರೆ ಮೇಲೆ ಹೋಗುವಾಗ ಹೊಂಡದ ನೀರು ಅವಳ ತೊಡೆಯವರೆಗೂ ಹಾರುತ್ತದೆ. ನಕ್ಕುಬಿಡುತ್ತಾಳೆ. ಅಣ್ಣ ಕೇಳಿದರೆ, ಈ ನೀರಿಗಿರುವ ಧೈರ್ಯ ನನ್ನ ಗಂಡನಿಗಿಲ್ಲ ಅನ್ನುತ್ತಾಳೆ. ಕೊನೆಗೆ ಸಾಯುತ್ತಿರುವ ಟ್ರಿಸ್ಟನ್ ಮೊದಲ ಇಸೋಲ್ಡಳನ್ನು ಕರೆಸುತ್ತಾನೆ, ಅವಳು ಹಡಗಿನಲ್ಲಿದ್ದರೆ ಬಿಳಿ ಹಾಯಿ, ಇಲ್ಲದಿದ್ದರೆ ಕರಿ ಹಾಯಿ ಎಂದು ಮಾತಾಗಿರುತ್ತದೆ. ಬಿಳಿ ಹಾಯಿ ಬರುತ್ತಿದ್ದರೂ ಕರಿ ಹಾಯಿ ಎಂದು ಅವನಿಗೆ ಸುಳ್ಳು ಹೇಳಿದವಳು ಇವಳೇ, ಅದನ್ನು ಕೇಳಿ ಅವನು ಪ್ರಾಣ ಬಿಡುತ್ತಾನೆ. ಎಲ್ಲರೂ ಬೈಯುತ್ತಾರೆ. ನಾನು ಬೈಯಲಾರೆ.

ಕಡಲೂರಿನವಳು
ಈ ವಿಷಯದಲ್ಲಿ ನಾನು ನಿಮ್ಮ ಜೊತೆ.

ಆದರೆ ಆ ಹಾಯಿಯ ಕೆಳಗೆ ಕೂತಿದ್ದವಳನ್ನೂ ನೆನೆಸಿಕೊಳ್ಳಿ. ಟ್ರಿಸ್ಟನ್‌ಗೆ ಮತ್ತೆ ವಿಷದ ಗಾಯ. ಗುಣ ಮಾಡಬಲ್ಲವಳು ಅವಳೊಬ್ಬಳೇ. ಗಂಡ, ರಾಜ್ಯ ಎಲ್ಲ ಬಿಟ್ಟು ಮದ್ದು ತೆಗೆದುಕೊಂಡು ಹೊರಡುತ್ತಾಳೆ. ನಮ್ಮ ಭಾಷೆಯಲ್ಲಿ ಗಾಯಕ್ಕೆ ಹಚ್ಚುವುದೂ ಮದ್ದು, ಮರುಳು ಮಾಡುವುದೂ ಮದ್ದು. ಅದಕ್ಕೇ ಕನ್ನಡದಲ್ಲಿ ಈ ಕಥೆ ಯೋಚಿಸಿದರೆ ನನಗೆ ಬೇರೆಯೇ ಕಾಣುತ್ತದೆ. ಅವರು ಮೊದಲು ಹತ್ತಿರ ಬಂದಿದ್ದು ಗಾಯದ ಮದ್ದಿನಿಂದ, ಹಡಗಿನ ಬಟ್ಟಲಿನಿಂದಲ್ಲ. ಕೊನೆಯದೂ ಅದೇ.

ಥಾಮಸ್‌ನ ಕಾವ್ಯದಲ್ಲಿ ದಡ ಕಾಣುವಾಗ ಬಿರುಗಾಳಿ ಏಳುತ್ತದೆ. ಅಲ್ಲಿ ಅವಳಿಗೆ ತನ್ನ ಸಾವಿನ ಭಯವಿಲ್ಲ, ತಾನು ಸತ್ತರೆ ಅವನನ್ನು ಗುಣ ಮಾಡುವವರು ಯಾರು ಎಂಬುದೇ ಚಿಂತೆ. ನಾನು ಮುಳುಗಿದರೆ ನೀನೂ ಮುಳುಗಬೇಕು, ಒಂದೇ ಮೀನು ನಮ್ಮಿಬ್ಬರನ್ನೂ ನುಂಗಿದರೆ ಒಂದೇ ಗೋರಿ ಸಿಕ್ಕಂತಾಯಿತು ಎಂದು ಮನಸ್ಸಿನಲ್ಲೇ ಅವನಿಗೆ ಹೇಳುತ್ತಾಳೆ. ಗಾಳಿ ನಿಂತರೆ ಪೂರ್ತಿ ನಿಂತುಬಿಡುತ್ತದೆ. ಊರು ಕಣ್ಣೆದುರಿಗಿದೆ, ಹಡಗು ಅಲುಗುವುದಿಲ್ಲ. ಇಳಿಯುವಷ್ಟರಲ್ಲಿ ಬೀದಿಯಲ್ಲಿ ಅಳು, ಇಗರ್ಜಿಯ ಗಂಟೆ. ಅವನ ಪಕ್ಕದಲ್ಲಿ ಮಲಗಿ ಪ್ರಾಣ ಬಿಡುತ್ತಾಳೆ.

ಆ ಬಿರುಗಾಳಿಯಲ್ಲಿ ಮಾತಾಡಿದವಳನ್ನು ಬಟ್ಟಲೊಂದರ ಕೈಗೊಂಬೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನೇರನುಡಿ
ಮೀನಿನ ಮಾತು ಓದಿದ ಮೇಲೆ ನಾನು ವಾದ ಬಿಟ್ಟೆ. ಮದುವೆ ಕಡೆ ನನ್ನ ಓಟು.

ಗಣಿತ ಮೇಷ್ಟ್ರು
ನನ್ನದು ಎರಡಕ್ಕೂ ಅರ್ಧರ್ಧ.

ಹಳೇಪುಸ್ತಕ
ಇನ್ನೊಂದು ಹೇಳದಿದ್ದರೆ ಸಮಾಧಾನವಿಲ್ಲ. ವೇಲ್ಸ್‌ನಲ್ಲಿ ಒಂದು ಪುಟ್ಟ ಕಥೆ ಇದೆ, ಸಿಗುವುದು 16ನೇ ಶತಮಾನ ಮತ್ತು ಆಮೇಲಿನ ಹಸ್ತಪ್ರತಿಗಳಲ್ಲಿ. ಅಲ್ಲಿ ಅವಳು ಎಸಿಲ್ಟ್. ಆರ್ಥರ್ ರಾಜಿ ಮಾಡಿಸುತ್ತಾನೆ. ಮರದಲ್ಲಿ ಎಲೆ ಇರುವಾಗ ಒಬ್ಬನ ಜೊತೆ, ಎಲೆ ಇಲ್ಲದಾಗ ಇನ್ನೊಬ್ಬನ ಜೊತೆ, ಆಯ್ಕೆ ಗಂಡನದು. ಮಾರ್ಕ್ ಎಲೆ ಇಲ್ಲದ ಕಾಲ ಆರಿಸುತ್ತಾನೆ, ಆಗ ರಾತ್ರಿ ಉದ್ದ ಅಂತ. ಎಸಿಲ್ಟ್ ಕುಣಿದಾಡುತ್ತಾಳೆ. ಹಾಲಿ, ಐವಿ, ಯೂ, ಈ ಮೂರು ಗಿಡಗಳ ಎಲೆ ವರ್ಷವಿಡೀ ಉದುರುವುದೇ ಇಲ್ಲ ಎಂದು. ಅವಳು ಟ್ರಿಸ್ಟನ್‌ನವಳೇ ಆಗಿ ಉಳಿಯುತ್ತಾಳೆ.

ಸಂಜೆಮಲ್ಲಿಗೆ
ಇದು ನನಗೆ ಬಹಳ ಇಷ್ಟವಾಯಿತು! ಸಾಲ ಮಾಡಿ ಬಟ್ಟೆ ತಂದ ಸನ್ಯಾಸಿ ಯಾವ ಕವಿಯಲ್ಲಿ ಬರುತ್ತಾನೆ ಅಂದಿರಿ ಸರ್? ಇವತ್ತು ರಾತ್ರಿಯೇ ಹುಡುಕಿ ಓದುತ್ತೇನೆ.

ಹಳೇಪುಸ್ತಕ
ಬೆರೂಲ್.

ಲಿಫೀ ದಡದಿಂದ
ನಾಳೆ ಬಸ್ಸು ಆ ಕಡೆ ಹೋಗುತ್ತದೆ. ಚಾಪೆಲಿಜಾಡ್ ಸೇತುವೆಯ ಫೋಟೋ ಹಾಕುತ್ತೇನೆ, ಮಳೆ ಇಲ್ಲದಿದ್ದರೆ.